ಕಾರಿನ ಇಂಜಿನ್ನಿಗೂ ಸಿಂಬಿ ಬೇಕು



ಶೇಂಗಾ ಮಾರಿದ ದುಡ್ಡಿನಲ್ಲಿ ಹಳೇ ಕಾರೊಂದನ್ನು ಕೊಂಡು ಮನೆಮುಂದೆ ನಿಲ್ಲಿಸಿಕೊಂಡವರು ನಮ್ಮ ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲೂ ಇದ್ದೀರಿ. ಸಂತೆಗೆ ಹೋಗಲಿಕ್ಕೆ, ಅಪರಾತ್ರಿಯಲ್ಲಿ ಬಸುರಿಯನ್ನೋ ಮಗುವನ್ನೋ ಆಸ್ಪತ್ರೆಗೆ ಮುಟ್ಟಿಸಲಿಕ್ಕೆ, ಮುದುಕರನ್ನು ಜಟಿಂಗ ರಾಮೇಶ್ವರನ ಬೆಟ್ಟದ ಬುಡದವರೆಗೆ ಕರೆದೊಯ್ಯಲಿಕ್ಕೆ ಅದೇ ಆಧಾರ. ಆ ಕಾರು ಒಂದು ದಿನ ನಿಂತಲ್ಲೇ ಗಡಗಡ ನಡುಗುತ್ತದೆ. "ಇಂಜಿನ್ನು ಹೋಯಿತು, ಬಿಚ್ಚಿಸಬೇಕು" ಅಂತ ಯಾರೋ ಹೇಳುತ್ತಾರೆ. ಬಿತ್ತನೆಗೆಂದು ಎತ್ತಿಟ್ಟ ಹಣಕ್ಕೆ ಕೈ ಹಾಕುವ ಮುಂಚೆ ಸ್ವಲ್ಪ ತಾಳಿ. ಹೋಗಿರುವುದು ಬರೀ ಮೌಂಟಿಂಗ್ ಇದ್ದೀತು.

ಹೆಣ್ಣುಮಕ್ಕಳು ತಲೆಯ ಮೇಲೆ ಬಿಂದಿಗೆ ಹೊರುವಾಗ ಕೆಳಗೆ ಸಿಂಬಿ ಇಟ್ಟುಕೊಳ್ಳುತ್ತಾರಲ್ಲವೇ? ಮೌಂಟಿಂಗ್ ಅಂದರೆ ಇಂಜಿನ್ನಿನ ಸಿಂಬಿ. ಭಾರ ಹೊರುತ್ತದೆ, ನಡುಕವನ್ನು ಗಾಡಿಯ ಮೈಗೆ ಹತ್ತಗೊಡುವುದಿಲ್ಲ. ಮೊದಲು ಇದು ಬರೀ ರಬ್ಬರಿನದು; ಈಗಲೂ ಎಷ್ಟೋ ಚಿಕ್ಕ ಕಾರುಗಳಲ್ಲಿ ಹಾಗೇ ಇದೆ. 1980ರ ದಶಕದಿಂದೀಚೆಗೆ ದ್ರವ ತುಂಬಿದ ಮೌಂಟಿಂಗ್ ಹೆಚ್ಚು ಬಳಕೆಗೆ ಬಂತು. ಅದರೊಳಗೆ ಎರಡು ಕೋಣೆ, ನಡುವೆ ಸಣ್ಣ ಕಾಲುವೆ. ಇಂಜಿನ್ನು ಕುಲುಕಿದಾಗ ಒಳಗಿನ ದ್ರವ ಆ ಕಾಲುವೆಯಲ್ಲಿ ಹಿಂದಕ್ಕೂ ಮುಂದಕ್ಕೂ ಹರಿದು ಕುಲುಕನ್ನು ನುಂಗುತ್ತದೆ. ರಬ್ಬರು ಸೀಳಿದರೆ ದ್ರವ ಸೋರಿಹೋಗಿ ಉಳಿಯುವುದು ಟೊಳ್ಳು ಡಬ್ಬಿ.

ಬೆಟ್ಟದ ಮೇಲಿನ ಅಶೋಕನ ಶಾಸನ ನೋಡಿದ್ದೀರಾ? 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರಿಂದ ಆ ಬಂಡೆಗೆ ಬಳೆಗಾರರ ಗುಂಡು ಅಂತಲೇ ಹೆಸರು. ಅಕ್ಷರಗಳು ಬಹಳ ಸವೆದಿವೆ. ಕಲ್ಲೇ ಸವೆಯುವಾಗ ರಬ್ಬರಿನ ಪಾಡೇನು?

ಗುರುತು ಹೀಗೆ. ನಿಂತಾಗ ನಡುಕ, ಗೇರು ಹಾಕಿ ಕ್ಲಚ್ ಬಿಟ್ಟಾಗ "ಧಡ್" ಅನ್ನುವ ಪೆಟ್ಟು, ಮೌಂಟಿಂಗಿನ ಸುತ್ತ ಒದ್ದೆ ಕಲೆ. ಆದರೆ ಕಲೆ ಕಂಡ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಮೇಲಿನಿಂದ ಇಂಜಿನ್ ಆಯಿಲ್ ತೊಟ್ಟಿಕ್ಕಿದರೂ ಹಾಗೇ ಕಾಣುತ್ತದೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ನಾಲ್ಕು ದಿನ ಓಡಿಸಿ, ಮತ್ತೆ ನೋಡಿ. ಮೇಲೆಲ್ಲ ಒಣಗಿದ್ದು ರಬ್ಬರಿನ ಬಿರುಕಿನಿಂದಲೇ ಜಿನುಗಿದ್ದರೆ ಅನುಮಾನವಿಲ್ಲ. ಆಯಿಲ್ ಬೀಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇಲ್ಲವಾದರೆ ಹೊಸ ರಬ್ಬರೂ ಮೆತ್ತಗಾಗಿ ಕೊಳೆಯುತ್ತದೆ. ಸಿಲಿಂಡರೊಂದು ಸರಿಯಾಗಿ ಉರಿಯದಿದ್ದರೂ ನಡುಕ ಬರುತ್ತದೆ, ಅದನ್ನೂ ನೋಡಿಸಿ.

ಇನ್ನೊಂದು ಪರೀಕ್ಷೆ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಲ್ಲ ಚಾಲಕರೊಬ್ಬರು ಬ್ರೇಕ್ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಚೂರೇ ಬಿಡಲಿ; ಆಮೇಲೆ ರಿವರ್ಸಿನಲ್ಲಿ. ನೀವು ಬದಿಯಲ್ಲಿ ನಿಂತು ನೋಡಿ, ಮುಂದೆಯಾಗಲಿ ಹಿಂದೆಯಾಗಲಿ ನಿಲ್ಲಲೇಬೇಡಿ. ಇಂಜಿನ್ನು ಎದ್ದು ಬೀಳುವಂತೆ ಹಾರಿದರೆ ಮೌಂಟಿಂಗ್ ಸತ್ತಿದೆ.

ಇದಕ್ಕೆ ದ್ರವ ಮತ್ತೆ ತುಂಬಲಿಕ್ಕಾಗದು, ಅಂಟು ಹಚ್ಚಿ ಪ್ರಯೋಜನವಿಲ್ಲ. ಹಾಗೇ ಬಿಟ್ಟರೆ ಉಳಿದ ಮೌಂಟಿಂಗು, ಹೊಗೆ ಕೊಳವೆ, ರಬ್ಬರ್ ಪೈಪುಗಳ ಮೇಲೂ ಭಾರ ಬೀಳುತ್ತದೆ. ಅಗ್ಗವೆಂದು ಗಟ್ಟಿ ರಬ್ಬರಿನದನ್ನು ಹಾಕಿಸಿದರೆ ನಡುಕವೆಲ್ಲ ಸೀಟಿಗೇ ಬರುತ್ತದೆ. ಆ ಕಾರಿಗೆ ಹೇಳಿದ್ದನ್ನೇ ಕೊಳ್ಳಿ.

ಬದಲಿಸುವ ಕೆಲಸ ಮೆಕ್ಯಾನಿಕ್ಕಿನದು. ಆದರೂ ಪಕ್ಕದಲ್ಲಿ ನಿಂತು ನೋಡಿ. ಇಂಜಿನ್ನು ಆರಿರಬೇಕು, ನೆಲ ಸಮವಾಗಿರಬೇಕು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರಬೇಕು. ಇಂಜಿನ್ನನ್ನು ಮೇಲಿನಿಂದ ತೂಗಿ ಹಿಡಿಯುವ ಸಲಕರಣೆ ಇದ್ದರೆ ಒಳ್ಳೇದು. ಜಾಕ್ ಕೊಡುವುದಾದರೆ ನಡುವೆ ಅಗಲವಾದ ಮರದ ಹಲಗೆ ಇರಲಿ. ಆಯಿಲ್ ತೊಟ್ಟಿಯ ತಗಡು ತೆಳು, ಬರೀ ಜಾಕಿಗೆ ತಗ್ಗು ಬೀಳುತ್ತದೆ. ಮೌಂಟಿಂಗಿನ ಮೇಲಿನ ಭಾರ ಇಳಿಯುವಷ್ಟೇ ಎತ್ತಬೇಕು. ಹೆಚ್ಚು ಎತ್ತಿದರೆ ಪೈಪು, ತಂತಿಗಳು ಎಳೆದಾಡುತ್ತವೆ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾರೂ ನುಗ್ಗಬಾರದು. ಹೊಸದನ್ನು ಕೂರಿಸಿ ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಇಂಜಿನ್ನು ಇಳಿಸಿದ ಮೇಲೆ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ.

ಸೋರಿದ ದ್ರವದಲ್ಲಿ ಸಾಮಾನ್ಯವಾಗಿ ಗ್ಲೈಕಾಲ್ ಇರುತ್ತದೆ. ಅದು ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕದ ಹಾಗೆ ಬೂದಿ ಹಾಕಿ ಬಳಿದು ತೆಗೆಯಿರಿ; ಹಳೇ ಮೌಂಟಿಂಗನ್ನು ಕೊಟ್ಟಿಗೆಯ ಹತ್ತಿರ ಎಸೆಯಬೇಡಿ.