ನರ ತೆಗೆದ ಮೇಲೂ ನೋವೇಕೆ?

ರೂಟ್ ಕೆನಾಲ್ ಮಾಡಿಸಿಕೊಂಡ ದಿನ ಇಂಜೆಕ್ಷನ್ನಿನ ಜೋಮು ಇಳಿಯುತ್ತಿದ್ದಂತೆ ಅದೇ ಹಲ್ಲು ಮತ್ತೆ ನೋಯತೊಡಗಿದರೆ ಯಾರಿಗಾದರೂ ಗಾಬರಿಯೇ. ನರವನ್ನೇ ತೆಗೆದರಲ್ಲ, ಇನ್ನೇನು ನೋಯುತ್ತಿದೆ? ಒಳಗೆ ತುಂಬಿದ ಪದಾರ್ಥವೇ ಸರಿಯಿಲ್ಲವೇನೋ ಎಂಬ ಅನುಮಾನವೂ ಹುಟ್ಟುತ್ತದೆ.

ನೋಯುತ್ತಿರುವುದು ಹಲ್ಲಿನ ಒಳಗಲ್ಲ, ಹೊರಗೆ. ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಮಿಲಿಮೀಟರಿನ ಕಾಲುಭಾಗದಷ್ಟು ತೆಳುವಾದ ನಾರಿನ ಪೊರೆಯಿದೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲು ಥಟ್ಟನೆ ಗೊತ್ತಾಗುವುದು ಈ ಪೊರೆಯ ನರಗಳಿಂದ. ವೈದ್ಯರು ತೆಗೆಯುವುದು ಹಲ್ಲಿನೊಳಗಿನ ತಿರುಳನ್ನು ಮಾತ್ರ, ಪೊರೆ ಹಾಗೇ ಉಳಿಯುತ್ತದೆ. ಫೈಲ್ ಎಂಬ ಸೂಜಿಯಂಥ ಸಾಧನದಿಂದ ಬೇರಿನ ನಾಳವನ್ನು ಉಜ್ಜುವಾಗ ತಿರುಳಿನ ಚೂರು, ಹಲ್ಲಿನ ಪುಡಿ, ಬ್ಯಾಕ್ಟೀರಿಯಾಗಳು ಎಷ್ಟೇ ಎಚ್ಚರ ವಹಿಸಿದರೂ ಒಂದಿಷ್ಟು ಬೇರಿನ ತುದಿಯಾಚೆ ಜಾರುತ್ತವೆ. ದೇಹ ಅವನ್ನು ಎದುರಿಸುವಾಗ ಪೊರೆ ಊದಿಕೊಳ್ಳುತ್ತದೆ, ಕಚ್ಚಿದರೆ ನೋಯುತ್ತದೆ. ಮೊದಲ ಒಂದೆರಡು ದಿನ ಹೆಚ್ಚಿದ್ದು, ವಾರದೊಳಗೆ ಬಹುಪಾಲು ಇಳಿದುಹೋಗುವ ನೋವಿದು.

ಇನ್ನು ತುಂಬುವ ಪದಾರ್ಥ. ಸ್ವಚ್ಛಗೊಳಿಸಿದ ನಾಳವನ್ನು ಬ್ಯಾಕ್ಟೀರಿಯಾ ಮತ್ತೆ ಸೇರದಂತೆ ಮುಚ್ಚಲೇಬೇಕು. ವೈದ್ಯರು ಚಿಮಟದಲ್ಲಿ ಹಿಡಿಯುವ ಗುಲಾಬಿ ಬಣ್ಣದ ಸಣ್ಣ ಕಡ್ಡಿಯೇ ಗಟ್ಟಾ ಪರ್ಚಾ. ತುದಿ ತೀರಾ ತೆಳು. ಅದನ್ನು ಸೀಲರ್ ಎಂಬ ಅಂಟಿನಲ್ಲಿ ಅದ್ದಿ, ಬೇರಿನ ತುದಿಯವರೆಗೆ ಇಳಿಸಿ, ಮೇಲೆ ಉಳಿದದ್ದನ್ನು ಕಾಯಿಸಿದ ಸಲಕರಣೆಯಿಂದ ಕತ್ತರಿಸುತ್ತಾರೆ. ಮಲಯಾ ಕಾಡುಗಳ ಮರದ ಹಾಲಿನಿಂದ ಬರುವ ಈ ವಸ್ತು ರಬ್ಬರಿನ ಹತ್ತಿರದ ಬಂಧು. 19ನೇ ಶತಮಾನದಲ್ಲಿ ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾದದ್ದೂ ಇದೇ. ಅಮೆರಿಕದ ದಂತವೈದ್ಯ ಬೋಮನ್ 1867ರಲ್ಲಿ ಇದನ್ನು ಬೇರಿನ ನಾಳಕ್ಕೆ ತುಂಬಿದರು. ಇಂದಿನ ಕಡ್ಡಿಯಲ್ಲಿ ಗಟ್ಟಾ ಪರ್ಚಾ ಐದನೇ ಒಂದು ಭಾಗದಷ್ಟಿದ್ದರೆ ಬಹುಪಾಲು ಜಿಂಕ್ ಆಕ್ಸೈಡ್. ಎಕ್ಸ್‌ರೇಯಲ್ಲಿ ಕಾಣಲೆಂದು ಬೇರಿಯಂ ಲವಣವೂ ಇರುತ್ತದೆ. ದೇಹಕ್ಕೆ ಅಷ್ಟಾಗಿ ಕಿರಿಕಿರಿ ಮಾಡದ, ನಂಬಿಕಸ್ಥ ವಸ್ತುವಿದು.

ಕೆರಳಿಸುವ ಗುಣವಿದ್ದರೆ ಅದು ಸೀಲರ್‌ಗೆ. ಹಲ್ಲುನೋವಿಗೆ ನಾವು ಹಚ್ಚುವ ಲವಂಗದೆಣ್ಣೆಯ ಯೂಜಿನಾಲ್ ಹಳೆಯ ಸೀಲರ್‌ಗಳಲ್ಲಿದೆ. ಹಿತಮಿತವಾಗಿದ್ದರೆ ನೋವು ಶಮನ, ಹೆಚ್ಚಾಗಿ ಅಂಗಾಂಶಕ್ಕೆ ತಗುಲಿದರೆ ಉರಿ. ಬಳಿಕ ಎಪಾಕ್ಸಿ ರಾಳದವು ಬಂದವು, ಈಚೆಗೆ ಕ್ಯಾಲ್ಸಿಯಂ ಸಿಲಿಕೇಟಿನ ಬಯೋಸೆರಾಮಿಕ್‌ಗಳು. ಇವೆರಡನ್ನು ಹೋಲಿಸಿದ ಅಧ್ಯಯನಗಳಲ್ಲಿ ಚಿಕಿತ್ಸೆಯ ನಂತರದ ನೋವಿನಲ್ಲಿ ದೊಡ್ಡ ವ್ಯತ್ಯಾಸವೇನೂ ಕಂಡಿಲ್ಲ. ದುಬಾರಿ ಸೀಲರ್ ಹಾಕಿಸಿದರೆ ನೋವೇ ಇರದು ಎಂದು ನಂಬಬೇಕಿಲ್ಲ. ನಾಳ ಎಷ್ಟು ಸ್ವಚ್ಛವಾಗಿದೆ, ತುಂಬಿದ್ದು ಬೇರಿನ ತುದಿಯೊಳಗೇ ನಿಂತಿದೆಯೇ ಎಂಬುದೇ ಮುಖ್ಯ. ಆದರೆ ಫಾರ್ಮಾಲ್ಡಿಹೈಡ್ ಬಿಡುವ ಹಳೆಯ ಪೇಸ್ಟುಗಳನ್ನು ಖಂಡಿತ ದೂರವಿಡಬೇಕು. ಅವು ಬೇರಿನಾಚೆ ಹೋದಾಗ ಕೆಳದವಡೆಯ ನರವೇ ಶಾಶ್ವತವಾಗಿ ಹಾಳಾದ ಪ್ರಕರಣಗಳಿವೆ.

ಸಾಧಾರಣ ನೋವಿಗೆ ವೈದ್ಯರು ಬರೆದ ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್ ಸಾಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಮೊದಲೇ ಹೇಳಬೇಕು. ತಾತ್ಕಾಲಿಕ ಫಿಲ್ಲಿಂಗ್ ತುಸು ಎತ್ತರವಾಗಿ ಕಚ್ಚಿದಾಗಲೆಲ್ಲ ಅದೇ ಮೊದಲು ತಾಗುತ್ತಿದ್ದರೆ, ಎರಡು ನಿಮಿಷ ಉಜ್ಜಿ ತಗ್ಗಿಸಿದರೂ ಆರಾಮವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ಆ್ಯಂಟಿಬಯೋಟಿಕ್ ತರಬೇಡಿ, ಅದು ಈ ನೋವನ್ನು ಇಳಿಸುವುದಿಲ್ಲ. ಮುಖ ಊದಿದರೆ, ಜ್ವರ ಬಂದರೆ, ಜೋಮು ಇಳಿಯುವ ಹೊತ್ತು ಮೀರಿದರೂ ತುಟಿ, ಗದ್ದ ಮರಗಟ್ಟಿಯೇ ಇದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ.