ಹೊಗೆಸೊಪ್ಪಿನ ವಿಷಾಣು: ಜೀವಕೋಶದೊಳಗೊಂದು ಕೂಟಲೇಖ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಮುತ್ತಲೂ ಹೊಳೆನರಸೀಪುರದ ಕೆಲವೆಡೆಗಳಲ್ಲಿಯೂ ಹೊಗೆಸೊಪ್ಪಿನ ಬೇಸಾಯ ರೂಢಿಯಲ್ಲಿರುವುದು ವಾಚಕರಿಗೆ ತಿಳಿದ ಸಂಗತಿಯೇ. ನಾಟಿಯಾದ ಸಸಿ ಮೊಳಕಾಲೆತ್ತರ ಬೆಳೆಯುವಷ್ಟರಲ್ಲಿ ಕೆಲವೊಮ್ಮೆ ಎಲೆಯ ಮೇಲೆ ತಿಳಿಹಸಿರು ಕಡುಹಸಿರುಗಳ ತೇಪೆಗಳು ಮೂಡಿ, ಎಲೆ ಸುಕ್ಕುಗಟ್ಟಿ ಕಿರಿದಾಗುತ್ತದೆ. ಅಂಥ ಸೊಪ್ಪಿಗೆ ಹರಾಜು ಮಾರುಕಟ್ಟೆಯಲ್ಲಿ ಬೆಲೆ ಹುಟ್ಟದು. ಬೂಷ್ಟುರೋಗವೆಂದು ಬಗೆದು ಔಷಧಿ ಸಿಂಪಡಿಸುವವರುಂಟು. ಹಣ ವ್ಯಯವಾಗುವುದೇ ಹೊರತು ರೋಗ ಕದಲದು. ಏಕೆ ಕದಲದೆಂಬುದಕ್ಕೆ ಉತ್ತರ ವಿಷಾಣುವಿನ ಸಂತಾನಕ್ರಮದಲ್ಲಿಯೇ ಅಡಗಿದೆ. ವಿಷಾಣುಶಾಸ್ತ್ರವು ಮೊದಲು ಕಣ್ದೆರೆದದ್ದೂ ಈ ಹೊಗೆಸೊಪ್ಪಿನ ಎಲೆಯ ಮೇಲೆಯೇ.

ರೋಗ ತಗುಲಿದ ಎಲೆಯ ರಸವನ್ನು ಒಳ್ಳೆಯ ಗಿಡಕ್ಕೆ ಸೇರಿಸಿದರೆ ರೋಗವೂ ಅಂಟುವುದೆಂದು 1886ರಲ್ಲಿ ಹಾಲೆಂಡಿನಲ್ಲಿದ್ದ ಅಡಾಲ್ಫ್ ಮೇಯರ್ ತೋರಿಸಿದನು. ಬ್ಯಾಕ್ಟೀರಿಯಗಳು ನುಸುಳಲಾರದ ಪಿಂಗಾಣಿಯ ಶೋಧಕದಲ್ಲಿ ಸೋಸಿದ ರಸವೂ ರೋಗಕಾರಕವೇ ಎಂಬುದನ್ನು 1892ರಲ್ಲಿ ರಷ್ಯದ ಇವನೋವ್‌ಸ್ಕಿ ಕಂಡನು. ಇದು ಜೀವಂತ ಗಿಡದಲ್ಲಿ ಮಾತ್ರ ವೃದ್ಧಿಯಾಗುವ ವಸ್ತುವೆಂದು 1898ರಲ್ಲಿ ಸಾರಿದ ಬೈಯರಿಂಕ್ ಅದನ್ನು 'ವೈರಸ್' ಎಂದು ಕರೆದನು. ಲ್ಯಾಟಿನ್ ನುಡಿಯಲ್ಲಿ ಆ ಪದಕ್ಕೆ ವಿಷವೆಂದರ್ಥ. ಕನ್ನಡದ 'ವಿಷಾಣು' ಶಬ್ದ ಆ ಅರ್ಥವನ್ನು ಉಳಿಸಿಕೊಂಡಿದೆ. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಇದನ್ನು ಹರಳುಗಟ್ಟಿಸಿದನು. ಕಲ್ಲುಸಕ್ಕರೆಯಂತೆ ಹರಳಾಗುವ ಪದಾರ್ಥ ಜೀವವೋ ಜಡವೋ ಎಂಬ ತರ್ಕ ಇಂದಿಗೂ ಮುಗಿದಿಲ್ಲ. ರೈತನಿಗೆ ಆ ತರ್ಕದಿಂದ ಆಗಬೇಕಾದುದೇನೂ ಇಲ್ಲ.

ಶಾಲೆಯ ಸೂಕ್ಷ್ಮದರ್ಶಕಕ್ಕೆ ಈ ವಿಷಾಣು ಗೋಚರಿಸದು; ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅದರಲ್ಲಿ ಕಾಣುವುದು ಸಣ್ಣ ಕಡ್ಡಿಯ ಆಕಾರ: ಉದ್ದ 300 ನ್ಯಾನೋಮೀಟರು, ದಪ್ಪ 18. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರು. ಸುಮಾರು 2130 ಪ್ರೋಟೀನು ತುಣುಕುಗಳು ಸುರುಳಿಯಾಗಿ ಜೋಡಿಕೊಂಡ ಕವಚ. ಒಳಗೆ ಸುಮಾರು 6400 ಅಕ್ಷರಗಳ ಆರ್‌ಎನ್‌ಎ ಎಂಬ ಎಳೆ. ಇಷ್ಟೇ. ಉಣ್ಣುವ ಬಾಯಿಲ್ಲ, ಉಸಿರಾಟವಿಲ್ಲ, ತನ್ನಂಥದೊಂದನ್ನು ಹಡೆಯುವ ಸಾಧನವೂ ಇಲ್ಲ.

ಇಂಥದು ಹೇಗೆ ವೃದ್ಧಿಯಾಗುತ್ತದೆ? ಜೀವಕೋಶವನ್ನು ಒಂದು ಅರಮನೆಯೆಂದು ಭಾವಿಸೋಣ. ಕೋಶಕೇಂದ್ರದಿಂದ ಹೊರಡುವ ಆಜ್ಞೆಗಳು ಆರ್‌ಎನ್‌ಎ ಲಿಪಿಯಲ್ಲಿಯೇ ಇರುತ್ತವೆ. ರೈಬೋಸೋಮುಗಳೆಂಬ ಕರಣಿಕರು ಅವನ್ನೋದಿ ಪ್ರೋಟೀನುಗಳನ್ನು ಸಿದ್ಧಪಡಿಸುತ್ತಾರೆ. ಓಲೆಯ ಕೆಳಗಿನ ಅಂಕಿತ ಯಾರದೆಂದು ವಿಚಾರಿಸುವ ಅಭ್ಯಾಸ ಆ ಕರಣಿಕರಿಗಿಲ್ಲ. ಅದೇ ಲಿಪಿಯಲ್ಲಿ ಬರೆದ ಕೂಟಲೇಖವೊಂದು ಒಳಸೇರಿದರೆ ಅದನ್ನೂ ಶ್ರದ್ಧೆಯಿಂದಲೇ ನೆರವೇರಿಸುತ್ತಾರೆ. ವಿಷಾಣು ಆ ಕೂಟಲೇಖ.

ಸಸ್ಯಕೋಶದ ಗಟ್ಟಿ ಗೋಡೆಯನ್ನು ಅದು ತಾನಾಗಿ ಭೇದಿಸಲಾರದು, ಗಾಯವೊಂದು ಬೇಕು. ಕುಡಿ ಚಿವುಟುವಾಗ, ಎಲೆ ಉಜ್ಜಿ ಸಣ್ಣ ರೋಮವೊಂದು ಮುರಿದಾಗ ದಾರಿ ತೆರೆಯುತ್ತದೆ. ಒಳಹೊಕ್ಕೊಡನೆ ಕವಚ ಕಳಚುತ್ತದೆ, ಕರಣಿಕರು ಓದತೊಡಗುತ್ತಾರೆ. ಲೇಖದ ಮೊದಲ ಆಜ್ಞೆಯೇ ಚಾತುರ್ಯದ್ದು: 'ಈ ಓಲೆಯನ್ನು ನಕಲು ಮಾಡುವ ಲಿಪಿಕಾರನನ್ನು ನಿರ್ಮಿಸಿರಿ.' ಹಾಗೆ ಹುಟ್ಟಿದ ಲಿಪಿಕಾರ ಪ್ರೋಟೀನು ಮೂಲದಿಂದೊಂದು ಪಡಿಯಚ್ಚನ್ನೂ, ಆ ಅಚ್ಚಿನಿಂದ ಅಸಂಖ್ಯ ಪ್ರತಿಗಳನ್ನೂ ತೆಗೆಯುತ್ತದೆ. ಎರಡನೆಯ ಪ್ರೋಟೀನು ಕೋಶಕೋಶಗಳ ನಡುವಣ ಕಿರುದಾರಿಯನ್ನು ಹಿಗ್ಗಿಸಿ ಪ್ರತಿಗಳನ್ನು ನೆರೆಮನೆಗೆ ಕಳುಹಿಸುತ್ತದೆ. ಕೊನೆಗೆ ಕವಚದ ತುಣುಕುಗಳು ಸಿದ್ಧವಾಗಿ, ಯಾರೂ ಕೂಡಿಸದೆ ತಾವಾಗಿಯೇ ಓಲೆಯ ಸುತ್ತ ಸುರುಳಿಗೊಳ್ಳುತ್ತವೆ. ಈ ತಾನೇತಾನಾದ ಜೋಡಣೆಯನ್ನು 1955ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಗಾಜಿನ ನಳಿಕೆಯಲ್ಲಿಯೇ ಮಾಡಿ ತೋರಿಸಿದರು. ಒಂದೇ ಕೋಶದಲ್ಲಿ ಲಕ್ಷಗಟ್ಟಲೆ ಕಡ್ಡಿಗಳು ತುಂಬುತ್ತವೆ. ನಡುನಡುವೆ ಲಿಪಿಕಾರನ ಕೈತಪ್ಪುಗಳೂ ಸೇರುತ್ತವೆ. ಹಳೆಯ ಓಲೆಗಳಲ್ಲಿ ಪಾಠಾಂತರಗಳು ಹುಟ್ಟಿದಂತೆಯೇ ವಿಷಾಣುವಿನಲ್ಲಿ ಹೊಸ ಬಗೆಗಳು ಹುಟ್ಟುವುದು ಹೀಗೆ.

ಬೂಷ್ಟಿಗೆ ತನ್ನದೇ ಶರೀರವುಂಟು, ವಿಷಕ್ಕೆ ಅದು ಗುರಿಯಾದೀತು. ವಿಷಾಣುವಿನ ಕರಣಿಕರಾದರೋ ಗಿಡದವರೇ. ಅವರನ್ನು ಕೊಂದರೆ ಗಿಡವೇ ಸಾಯುವುದು. ಚನ್ನರಾಯಪಟ್ಟಣದ ಹಟ್ಟಿಗಳಲ್ಲಿ ರಾಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುತ್ತಾರಷ್ಟೆ. ಆ ರೋಗವೂ ವಿಷಾಣುವಿನದೇ; ಆದರೆ ಅದು ಕೋಶದ ಹೊರಮೈಯ ಪ್ರೋಟೀನೊಂದಕ್ಕೆ ಅಂಟಿಕೊಂಡು ಒಳಸರಿಯಬೇಕು, ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಅದನ್ನು ಬಾಗಿಲಲ್ಲೇ ತಡೆಯುತ್ತವೆ. ಗಿಡಕ್ಕೆ ರಕ್ತವೂ ಇಲ್ಲ, ಪ್ರತಿಕಾಯವೂ ಇಲ್ಲ.

ಆದುದರಿಂದ ಬೆಳೆಗಾರನ ಕಾವಲೆಲ್ಲ ವಿಷಾಣು ಒಳಹೊಗುವ ಮುನ್ನವೇ ಆಗಬೇಕು. ಹಾಸನದ ಆಲೂಗಡ್ಡೆ ಬೆಳೆಗಾರರು ದೂರದ ಜಲಂಧರದಿಂದ ಬಿತ್ತನೆಗೆಡ್ಡೆ ತರಿಸುವುದರ ಮರ್ಮವೂ ಇದೇ. ಎಲೆಸುರುಳಿ ರೋಗದ ವಿಷಾಣುವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಸಸ್ಯಹೇನು; ಒಮ್ಮೆ ಗೆಡ್ಡೆಗಿಳಿದರೆ ಮುಂದಿನ ವರ್ಷದ ಪೈರಿಗೂ ಅದು ದಾಟುತ್ತದೆ. ಪಂಜಾಬಿನಲ್ಲಿ ಹೇನು ವಿರಳವಾದ ಚಳಿಗಾಲದಲ್ಲಿ ಗೆಡ್ಡೆ ಬೆಳೆದು, ಹೇನು ಹೆಚ್ಚುವ ಮೊದಲೇ ಬಳ್ಳಿ ಕತ್ತರಿಸಿಬಿಡುತ್ತಾರೆ.

ಹೊಗೆಸೊಪ್ಪಿಗಾದರೋ ಹೇನು ಕೂಡ ಬೇಕಿಲ್ಲ, ಆಳಿನ ಕೈ ಸಾಕು. ಒಣಗಿದ ಸೊಪ್ಪಿನಲ್ಲಿ ಈ ವಿಷಾಣು ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದ ಬೀಡಿ ಹಿಡಿದ ಬೆರಳೂ ರೋಗವನ್ನು ಸಾಗಿಸಬಲ್ಲುದು. ಒಟ್ಲುಪಾತಿಗೆ ಇಳಿಯುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಸಸಿ ಮುಟ್ಟುವ ಕೈಯನ್ನು ಆಗಾಗ ಹಾಲಿನಲ್ಲಿ ಅದ್ದುವುದು, ತೇಪೆ ಕಂಡ ಸಸಿಯನ್ನು ಒಡನೆಯೇ ಕಿತ್ತು ಹೊಲದಾಚೆ ಹಾಕುವುದು, ಕುಡಿ ಚಿವುಟುವಾಗ ಒಳ್ಳೆಯ ಗಿಡಗಳನ್ನೆಲ್ಲ ಮುಗಿಸಿ ರೋಗದ ಗಿಡಕ್ಕೆ ಕಡೆಯಲ್ಲಿ ಕೈಹಾಕುವುದು: ಇವೇ ಸದ್ಯಕ್ಕಿರುವ ಔಷಧಿ.