ಬಿ.ಪಿ. ಏರಿದರೆ ಸಾಲದು

ರಕ್ತದೊತ್ತಡ ಇಳಿಸಲೆಂದು ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಸೆಂಥಾಕ್ವಿನ್ ದಶಕಗಳ ನಂತರ ಅದಕ್ಕೆ ತದ್ವಿರುದ್ಧವಾದ ಕೆಲಸಕ್ಕೆ ನಿಂತಿದೆ. ವಿಪರೀತ ರಕ್ತ ಹರಿದು ಶಾಕ್‌ಗೆ ಹೋದವರ ಒತ್ತಡವನ್ನು ಮೇಲೆತ್ತಲು ಭಾರತದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಗಾಯಾಳುವಿನ ಒಳಗೆ ನಡೆಯುವುದಿಷ್ಟು. ರಕ್ತ ಸೋರಿದಂತೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಬಂದಷ್ಟನ್ನೇ ತಾನೇ ಅದು ಹೊರಗೆ ತಳ್ಳಬೇಕು? ನಾರ್‌ಅಡ್ರಿನಲಿನ್‌ನಂಥ ಹಳೆಯ ಮದ್ದು ಮುಖ್ಯವಾಗಿ ಅಪಧಮನಿಗಳನ್ನು ಬಿಗಿಯುತ್ತದೆ. ಮಾನಿಟರ್‌ನಲ್ಲಿ ಅಂಕಿ ಏರುತ್ತದೆ, ಆದರೆ ಮೂತ್ರಪಿಂಡ, ಕರುಳುಗಳಿಗೆ ರಕ್ತ ಸಾಲದೆ ಹೋಗಬಹುದು. ದೇಹದ ಬಹುಪಾಲು ರಕ್ತ ಇರುವುದು ಅಭಿಧಮನಿಗಳಲ್ಲಿ. ಸೆಂಥಾಕ್ವಿನ್ ಅವನ್ನೇ ಹಿಂಡಿ, ನಿಂತ ರಕ್ತವನ್ನು ಹೃದಯದತ್ತ ನೂಕುತ್ತದೆ. ಉಪಾಯವೇನೋ ಸೊಗಸಾಗಿದೆ. ಆದರೆ ಮೂರನೇ ಹಂತದ ಪ್ರಯೋಗದಲ್ಲಿದ್ದವರು ನೂರಕ್ಕೆ ತುಸು ಹೆಚ್ಚು ರೋಗಿಗಳು, ಅದನ್ನು ನಡೆಸಿದವರೂ ಔಷಧಿಯನ್ನು ಅಭಿವೃದ್ಧಿಪಡಿಸಿದವರೇ. ಸಾವು ಕಡಿಮೆಯಾಯಿತೆಂದು ಖಚಿತವಾಗಿ ಹೇಳಲು ಅಷ್ಟು ಸಾಲದು.

ಈ ಅನುಮಾನಕ್ಕೆ ಕಾರಣವಿದೆ. ಅಮೆರಿಕದ ಬ್ಯಾಕ್ಸ್‌ಟರ್ ಕಂಪನಿ ಹಿಮೋಗ್ಲೋಬಿನ್‌ನಿಂದ ತಯಾರಿಸಿದ್ದ ಹೆಮ್‌ಅಸಿಸ್ಟ್ ಎಂಬ ದ್ರವ ಆಮ್ಲಜನಕ ಸಾಗಿಸುತ್ತಿತ್ತು, ರಕ್ತದೊತ್ತಡವನ್ನೂ ಏರಿಸುತ್ತಿತ್ತು. ಗಾಯಾಳುಗಳ ಮೇಲೆ ನಡೆದ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲಿ 28 ದಿನಗಳೊಳಗೆ ಶೇ 46 ಮಂದಿ ಸತ್ತರು. ಸಾಧಾರಣ ಸಲೈನ್ ಪಡೆದವರಲ್ಲಿ ಶೇ 17. ಪ್ರಯೋಗವನ್ನು 1998ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.

ನಿಜಕ್ಕೂ ಗೆದ್ದದ್ದು ಒತ್ತಡವನ್ನು ಏರಿಸಲು ಹೋಗದ ಒಂದು ಅಗ್ಗದ ಮದ್ದು, ಟ್ರಾನೆಕ್ಸಾಮಿಕ್ ಆಮ್ಲ. ಮುಟ್ಟಿನ ಅತಿಸ್ರಾವಕ್ಕೆ ಬರೆದುಕೊಡುವ ಮಾತ್ರೆಯೂ ಇದೇ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಇದನ್ನು ಲೋಕಕ್ಕೆ ಪರಿಚಯಿಸಿದ್ದು 1962ರಲ್ಲಿ. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವುದಷ್ಟೇ ಇದರ ಕೆಲಸ. ಭಾರತವೂ ಸೇರಿದಂತೆ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳು ಭಾಗಿಯಾಗಿದ್ದ ಕ್ರ್ಯಾಶ್-2 ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಾವಿನ ಪ್ರಮಾಣ ಶೇ 16ರಿಂದ 14.5ಕ್ಕೆ ಇಳಿದಿತ್ತು. ಇಳಿಕೆ ಚಿಕ್ಕದು, ಆದರೆ ನಂಬಬಹುದಾದದ್ದು. ಗಾಯವಾಗಿ ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಮಾತ್ರ ರಕ್ತಸ್ರಾವದ ಸಾವು ಹೆಚ್ಚಿತು.

ಹೊಸ ಔಷಧಿಗಳು ಬರಲಿ, ದೊಡ್ಡ ಪ್ರಯೋಗಗಳಲ್ಲಿ ಗೆದ್ದು ಬರಲಿ. ಅಲ್ಲಿಯವರೆಗೆ, ರಸ್ತೆಯಲ್ಲಿ ಯಾರಾದರೂ ರಕ್ತ ಸುರಿಸಿಕೊಂಡು ಬಿದ್ದಿದ್ದರೆ ಸ್ವಚ್ಛ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿಹಿಡಿದು, 108ಕ್ಕೆ ಕೂಡಲೇ ಕರೆ ಮಾಡಿ.